ಆ್ಯಪ್ ದುಡಿಮೆಯಲ್ಲಿ ರೇಟಿಂಗ್: ರೈತ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ರೈತ ಕುಟುಂಬದ ವರಮಾನ ಇಂದು ಹೊಲದಿಂದಷ್ಟೇ ಬರುತ್ತಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ, ಅಥವಾ ಸುಗ್ಗಿ ಮುಗಿದು ಮುಂದಿನ ಬಿತ್ತನೆಯವರೆಗಿನ ಬಿಡುವಿನಲ್ಲಿ, ಹಳ್ಳಿಯ ಅನೇಕ ಯುವಕರು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮುಂತಾದ ಊರುಗಳಿಗೆ ಹೋಗಿ ಕಾರು, ಆಟೋ ಓಡಿಸುವ ಇಲ್ಲವೇ ಮನೆ ಮನೆಗೆ ಊಟ, ದಿನಸಿ ತಲುಪಿಸುವ ಕೆಲಸ ಹಿಡಿಯುತ್ತಾರೆ. ಇಂಥವರಿಗೆ ಮೇಸ್ತ್ರಿಯೂ ಇಲ್ಲ, ಹಾಜರಿ ಪುಸ್ತಕವೂ ಇಲ್ಲ. ಕೆಲಸ ಹಂಚುವುದು, ಕೂಲಿ ಲೆಕ್ಕ ಹಾಕುವುದು, ಬೇಡವೆನಿಸಿದಾಗ ಕೆಲಸದಿಂದ ತೆಗೆಯುವುದು ಎಲ್ಲವೂ ಮೊಬೈಲಿನ ಆ್ಯಪ್ ಮೂಲಕವೇ ನಡೆಯುತ್ತದೆ. ಇವರನ್ನು ಗಿಗ್ ಕಾರ್ಮಿಕರು ಎಂದು ಕರೆಯಲಾಗುತ್ತದೆ. ನೀತಿ ಆಯೋಗವು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2020-21ರಲ್ಲಿ ದೇಶದಲ್ಲಿ ಇಂಥವರು ಸುಮಾರು 77 ಲಕ್ಷ ಜನರಿದ್ದರು. 2029-30ರ ಹೊತ್ತಿಗೆ ಈ ಸಂಖ್ಯೆ 2.35 ಕೋಟಿ ಮುಟ್ಟಬಹುದೆಂದು ಅದೇ ವರದಿ ಅಂದಾಜು ಮಾಡಿದೆ.

ಈ ದುಡಿಮೆಯಲ್ಲಿ ಬೈಕು, ಆಟೋ ಅಥವಾ ಕಾರಿನ ಬಂಡವಾಳ ದುಡಿಯುವವನದೇ. ಒಡವೆ ಅಡವಿಟ್ಟು ಇಲ್ಲವೇ ಸಾಲ ಮಾಡಿ ವಾಹನ ಕೊಂಡಿರುವಾಗ, ಒಂದು ಬೆಳಗ್ಗೆ ಐ.ಡಿ. ಬ್ಲಾಕ್ ಆದರೆ ಅಂದಿನ ಸಂಪಾದನೆ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹೀಗೆ ಐ.ಡಿ. ನಿಲ್ಲಲು ಕಾರಣವಾಗುವ ಸಂಗತಿಗಳಲ್ಲಿ ಗ್ರಾಹಕರು ಕೊಡುವ ಸ್ಟಾರುಗಳು, ಅಂದರೆ ರೇಟಿಂಗ್, ಮುಖ್ಯವಾದುದು. ಆದ್ದರಿಂದ ರೇಟಿಂಗ್ ಎಂದರೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು, ಅನ್ಯಾಯವಾದಾಗ ಕಾನೂನಿನಲ್ಲಿ ಏನು ಪರಿಹಾರವಿದೆ ಎಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅವಶ್ಯಕ.

ಊರಿನ ಹೆಸರು, ಆ್ಯಪ್‌ನ ಅಂಕಿ

ಹಳ್ಳಿಯಲ್ಲಿಯೂ ಹೆಸರಿಗೆ ಬೆಲೆಯಿದೆ. ಪಂಪ್‌ಸೆಟ್ ರಿಪೇರಿ ಮಾಡುವವರು, ಅಡಿಕೆ ಮರ ಹತ್ತಿ ಕೊನೆ ಇಳಿಸುವವರು, ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವವರು ಇವರೆಲ್ಲ ಹೆಸರಿನ ಮೇಲೆಯೇ ಬದುಕುತ್ತಾರೆ. ಆದರೆ ಅಲ್ಲಿ ದೂರಿದವರು ಯಾರೆಂಬುದು ಗೊತ್ತಿರುತ್ತದೆ. "ಅಂದು ಮಳೆ ಬಂದಿತ್ತು, ಗದ್ದೆ ಹದಕ್ಕೆ ಬಂದಿರಲಿಲ್ಲ, ಅದಕ್ಕೇ ಉಳುಮೆ ಕೆಟ್ಟಿತು" ಎಂದು ಅರಳಿಕಟ್ಟೆಯಲ್ಲಿ ನಿಂತು ಹೇಳಲು ಅವಕಾಶವಿದೆ. ಕೇಳುವ ನಾಲ್ಕು ಜನರಿಗೆ ಅಂದಿನ ಮಳೆಯೂ ಗೊತ್ತು, ಆ ಗದ್ದೆಯೂ ಗೊತ್ತು.

ಆ್ಯಪ್‌ನಲ್ಲಿ ಉಳಿಯುವುದು ಅಂಕಿ ಮಾತ್ರ. ಒಂದು ಸ್ಟಾರ್ ಕೊಟ್ಟವರು ಯಾರು, ಯಾವ ಕಾರಣಕ್ಕೆ ಕೊಟ್ಟರು ಎಂಬುದು ಬಹಳ ಸಲ ದುಡಿಯುವವನಿಗೆ ತಿಳಿಯುವುದೇ ಇಲ್ಲ. ಅಲ್ಲದೆ ಒಂದು ಆ್ಯಪ್‌ನಲ್ಲಿ ವರ್ಷಗಟ್ಟಲೆ ಗಳಿಸಿದ ಒಳ್ಳೆಯ ರೇಟಿಂಗ್ ಸಾಮಾನ್ಯವಾಗಿ ಇನ್ನೊಂದು ಆ್ಯಪ್‌ಗೆ ವರ್ಗವಾಗುವುದಿಲ್ಲ. ಅಲ್ಲಿ ಮೊದಲಿನಿಂದಲೇ ಆರಂಭಿಸಬೇಕಾಗುತ್ತದೆ.

ಸರಾಸರಿಯ ಲೆಕ್ಕ

ರೇಟಿಂಗ್ ಒಂದು ಸರಾಸರಿ. ಒಬ್ಬ ಚಾಲಕನಿಗೆ ಎಲ್ಲ ಗ್ರಾಹಕರೂ 5 ಸ್ಟಾರ್ ಕೊಟ್ಟು, ಒಬ್ಬರು ಮಾತ್ರ 1 ಸ್ಟಾರ್ ಕೊಟ್ಟರೆಂದು ಇಟ್ಟುಕೊಂಡರೆ ಸರಾಸರಿ ಹೀಗಾಗುತ್ತದೆ:

5 ಕೆಲಸಗಳಲ್ಲಿ ಒಂದು ಕೆಟ್ಟ ರೇಟಿಂಗ್: 4.2
10 ಕೆಲಸಗಳಲ್ಲಿ ಒಂದು: 4.6
20 ಕೆಲಸಗಳಲ್ಲಿ ಒಂದು: 4.8
100 ಕೆಲಸಗಳಲ್ಲಿ ಒಂದು: 4.96

ಒಂದೇ ಗ್ರಾಹಕನ ಅಸಮಾಧಾನ ಹಳಬನನ್ನು ಅಷ್ಟಾಗಿ ಮುಟ್ಟುವುದಿಲ್ಲ, ಹೊಸಬನನ್ನು ಮಾತ್ರ ಕೆಡವಿಬಿಡುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. 5ಕ್ಕೆ 4.2 ಎಂದರೆ ನೂರಕ್ಕೆ 84. ಶಾಲೆಯಲ್ಲಾದರೆ ಇದು ಉನ್ನತ ದರ್ಜೆ. ಆ್ಯಪ್ ದುಡಿಮೆಯಲ್ಲಿ ಇದು ಕೆಲಸ ಕಳೆದುಕೊಳ್ಳುವ ಅಂಕಿಯೂ ಆಗಬಹುದು. ಬ್ರಿಟನ್ನಿನ ಉಬರ್ ಚಾಲಕರ ಮೊಕದ್ದಮೆಯಲ್ಲಿ ದಾಖಲಾದ ಸಂಗತಿಯೆಂದರೆ, ಅಲ್ಲಿ ಸರಾಸರಿ 4.4ಕ್ಕಿಂತ ಕೆಳಗಿಳಿದ ಚಾಲಕರಿಗೆ ಹಂತಹಂತವಾಗಿ ಎಚ್ಚರಿಕೆ ಕೊಟ್ಟು, ಸುಧಾರಿಸದಿದ್ದರೆ ತೆಗೆದುಹಾಕುವ ಕ್ರಮವಿತ್ತು. ಆ ದೇಶದ ಸುಪ್ರೀಂ ಕೋರ್ಟು 2021ರ ಫೆಬ್ರವರಿ 19ರಂದು ತೀರ್ಪು ಕೊಡುವಾಗ ಈ ಅಂಶವನ್ನು ಪರಿಗಣಿಸಿತು. ರೇಟಿಂಗ್ ಮೂಲಕ ಕೆಲಸವನ್ನು ಹಿಡಿತದಲ್ಲಿಟ್ಟುಕೊಂಡ ಕಂಪನಿಯು ಚಾಲಕರನ್ನು ಬರೀ ಸ್ವತಂತ್ರ ಗುತ್ತಿಗೆದಾರರೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲವೆಂದೂ, ಅವರಿಗೆ ಕನಿಷ್ಠ ವೇತನ ಮತ್ತು ಸಂಬಳಸಹಿತ ರಜೆಯ ಹಕ್ಕುಂಟೆಂದೂ ತೀರ್ಮಾನವಾಯಿತು.

ಮಾದರಿ ಸರಿಯಿಲ್ಲದಿದ್ದರೆ ಫಲಿತಾಂಶವೂ ಸರಿಯಿರದು

ಮಣ್ಣು ಪರೀಕ್ಷೆಗೆ ಒಂದೇ ಕಡೆಯ ಹಿಡಿ ಮಣ್ಣನ್ನು ಯಾರೂ ಕಳಿಸುವುದಿಲ್ಲ. ಹೊಲದಲ್ಲಿ ಅಂಕುಡೊಂಕಾಗಿ ನಡೆದು 10-15 ಕಡೆ ಮಣ್ಣು ತೆಗೆದು, ಬೆರೆಸಿ, ಅದರಲ್ಲಿ ಅರ್ಧ ಕಿಲೋ ಕಳಿಸಬೇಕು. ಬದುವಿನ ಪಕ್ಕ, ಗೊಬ್ಬರ ಗುಂಡಿಯ ಹತ್ತಿರ, ಮರದ ನೆರಳಿನಲ್ಲಿ ಮಾದರಿ ತೆಗೆಯಬಾರದು. ಏಕೆಂದರೆ ಅಲ್ಲಿಯ ಮಣ್ಣು ಇಡೀ ಹೊಲದ ಗುಣವನ್ನು ಹೇಳುವುದಿಲ್ಲ. ಈ ನಿಯಮ ರೈತರಿಗೆ ಚೆನ್ನಾಗಿ ತಿಳಿದದ್ದೇ.

ರೇಟಿಂಗ್‌ನಲ್ಲಿ ಇಂಥ ಎಚ್ಚರಿಕೆ ಸಾಲದು. ಹೋಟೆಲಿನವರು ಅಡುಗೆ ತಡಮಾಡಿದ್ದು, ಸುರಿಮಳೆಯಲ್ಲಿ ರಸ್ತೆ ಕಟ್ಟಿಕೊಂಡದ್ದು, ನಕ್ಷೆ ತಪ್ಪು ಮನೆ ತೋರಿಸಿದ್ದು ಎಲ್ಲವೂ ತಲುಪಿಸಿದವನ ಲೆಕ್ಕಕ್ಕೇ ಸೇರಿಬಿಡಬಹುದು. ಇದು ಬದುವಿನ ಪಕ್ಕದ ಮಣ್ಣು ನೋಡಿ ಹೊಲದ ಫಲವತ್ತತೆ ಹೇಳಿದಂತೆ.

ಗ್ರಾಹಕರ ಮನಸ್ಸಿನ ಪಕ್ಷಪಾತವೂ ಅಂಕಿಯೊಳಗೆ ಸೇರುತ್ತದೆ. ಉತ್ತರ ಅಮೆರಿಕದ ಮನೆ ದುರಸ್ತಿ ಸೇವೆಯ ಆ್ಯಪ್ ಒಂದರ ಅಧ್ಯಯನ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಐದು ಸ್ಟಾರುಗಳ ಪದ್ಧತಿಯಿದ್ದಾಗ ಬಿಳಿಯರಲ್ಲದ ಕೆಲಸಗಾರರಿಗೆ ತುಸು ಕಡಿಮೆ ಸ್ಟಾರ್ ಬೀಳುತ್ತಿತ್ತು. ಬಿಳಿಯರು ಒಂದು ಡಾಲರ್ ಗಳಿಸುವಲ್ಲಿ ಇವರ ಗಳಿಕೆ 91 ಸೆಂಟ್ ಇತ್ತು. ಕಂಪನಿಯು ಸ್ಟಾರ್ ಬಿಟ್ಟು 'ಕೆಲಸ ಚೆನ್ನಾಗಿತ್ತೇ, ಇಲ್ಲವೇ' ಎಂಬ ಎರಡೇ ಆಯ್ಕೆ ಇಟ್ಟಾಗ ಈ ಅಂತರ ಅಳಿಸಿಹೋಯಿತು. ಕೆಲಸಗಾರರು ಅವರೇ, ಕೆಲಸವೂ ಅದೇ, ಬದಲಾದದ್ದು ಅಳತೆಗೋಲು. ಆದ್ದರಿಂದ ಅಂಕಿ ಇಳಿದಾಗಲೆಲ್ಲ ದುಡಿಯುವವನದೇ ತಪ್ಪೆಂದು ತಿಳಿಯುವುದು ಸರಿಯಲ್ಲ.

ಕಾರಣ ಕೇಳುವ ಹಕ್ಕು

ಅಳತೆಯಲ್ಲಿ ತಪ್ಪಿರಬಹುದಾದ್ದರಿಂದ, ಅದರ ಆಧಾರದ ಮೇಲೆ ಅನ್ನ ಕಸಿಯುವ ಮೊದಲು ಕಾರಣ ಹೇಳಬೇಕು, ಉತ್ತರ ಕೇಳಬೇಕು. ಈ ವಿಷಯದಲ್ಲಿ ಗಮನಿಸಬೇಕಾದ ಒಂದು ಮೊಕದ್ದಮೆಗೆ ಬೆಂಗಳೂರಿನ ಸಂಬಂಧವಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಓಲಾ ಕಂಪನಿ ಆಗ ಬ್ರಿಟನ್ನಿನಲ್ಲಿಯೂ ಕಾರು ಸೇವೆ ನಡೆಸುತ್ತಿತ್ತು. ಅಲ್ಲಿಯ ಚಾಲಕರು, ಕಂಪನಿಯ ಯುರೋಪಿನ ಸಂಸ್ಥೆಯಿದ್ದ ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಂ ನ್ಯಾಯಾಲಯಕ್ಕೆ ಹೋದರು. ಮನುಷ್ಯರ ಕೈಯಿಲ್ಲದೆ ಕಂಪ್ಯೂಟರ್ ತಾನೇ ಹಣ ಕಡಿತ ಮಾಡಿದ್ದರೆ ಅದು ಯಾವ ಆಧಾರದ ಮೇಲೆ ಎಂಬುದನ್ನು ಚಾಲಕರಿಗೆ ತಿಳಿಸಬೇಕೆಂದು 2021ರ ಮಾರ್ಚ್ 11ರಂದು ಆದೇಶವಾಯಿತು. 2023ರ ಏಪ್ರಿಲ್ 4ರಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ಚಾಲಕರ ಹಕ್ಕನ್ನು ಇನ್ನಷ್ಟು ವಿಸ್ತರಿಸಿತು.

ಕರ್ನಾಟಕದ ಕಾನೂನು

ಭಾರತದಲ್ಲಿ ಗಿಗ್ ಕಾರ್ಮಿಕರಿಗಾಗಿ ಮೊದಲು ಪ್ರತ್ಯೇಕ ಕಾನೂನು ಮಾಡಿದ್ದು ರಾಜಸ್ಥಾನ, 2023ರಲ್ಲಿ. ಕರ್ನಾಟಕದಲ್ಲಿ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಬಿದ್ದು, ಅದೇ ವರ್ಷ ವಿಧಾನಮಂಡಲದ ಒಪ್ಪಿಗೆ ಪಡೆದು ಅಧಿನಿಯಮವಾಯಿತು. ಬಾಡಿಗೆ ವಾಹನ, ಊಟ ಮತ್ತು ದಿನಸಿ ವಿತರಣೆ, ಸರಕು ಸಾಗಣೆಗಳಲ್ಲದೆ ಆ್ಯಪ್ ಮೂಲಕ ದೊರೆಯುವ ಇತರ ವೃತ್ತಿ ಸೇವೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಇದರ ಮುಖ್ಯಾಂಶಗಳು ಹೀಗಿವೆ:

1. ಐ.ಡಿ. ರದ್ದು ಮಾಡುವ ಮುನ್ನ ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸು ಕೊಡಬೇಕು. ದೈಹಿಕ ಹಾನಿಯಂಥ ಗಂಭೀರ ಪ್ರಸಂಗಗಳಿಗೆ ಮಾತ್ರ ವಿನಾಯಿತಿಯಿದೆ.

2. ಕರಾರು ಸರಳ ಭಾಷೆಯಲ್ಲಿರಬೇಕು. ಅದನ್ನು ಬದಲಿಸುವುದಾದರೆ 14 ದಿನ ಮೊದಲು ತಿಳಿಸಬೇಕು.

3. ರೇಟಿಂಗ್ ಹೇಗೆ ಲೆಕ್ಕವಾಗುತ್ತದೆ, ಕೆಲಸ ಮತ್ತು ಗಳಿಕೆಯ ಮೇಲೆ ಅದರ ಪರಿಣಾಮವೇನು ಎಂಬುದನ್ನು ಕಂಪನಿಯು ತಿಳಿಸಬೇಕು. ಕಂಪ್ಯೂಟರಿನ ತೀರ್ಮಾನಗಳಲ್ಲಿ ಜಾತಿ, ಧರ್ಮ, ಲಿಂಗ ಮೊದಲಾದವುಗಳ ಭೇದ ನುಸುಳದಂತೆ ನೋಡಿಕೊಳ್ಳಬೇಕು.

4. ಹಣ ಕಡಿತ ಮಾಡಿದ್ದಲ್ಲಿ ಅದರ ಕಾರಣ ತಿಳಿಸಬೇಕು.

5. ಯಂತ್ರದ ಉತ್ತರವಲ್ಲದೆ, ಮಾತನಾಡಿ ವಿಚಾರಿಸಲು ಒಬ್ಬ ಮನುಷ್ಯನನ್ನು ಗೊತ್ತುಮಾಡಿರಬೇಕು. 50ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಂಪನಿಯಲ್ಲಿ ಆಂತರಿಕ ವಿವಾದ ಪರಿಹಾರ ಸಮಿತಿ ಇರಬೇಕು.

6. ಪ್ರತಿ ಕೆಲಸಕ್ಕೆ ಕಾರ್ಮಿಕನಿಗೆ ಸಂದಾಯವಾಗುವ ಮೊತ್ತದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ವಸೂಲು ಮಾಡಿ, ಕಲ್ಯಾಣ ಮಂಡಳಿಯ ಮೂಲಕ ಸಾಮಾಜಿಕ ಭದ್ರತೆಗೆ ಬಳಸಲಾಗುವುದು. ನೋಂದಾಯಿತರಿಗೆ ಎಲ್ಲ ಆ್ಯಪ್‌ಗಳಿಗೂ ಅನ್ವಯಿಸುವ ಒಂದೇ ಗುರುತಿನ ಸಂಖ್ಯೆ ಇರುತ್ತದೆ.

ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ, 2020 ಕೂಡ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಗಿಗ್ ಕಾರ್ಮಿಕರು ಇ-ಶ್ರಮ್ ಜಾಲತಾಣದಲ್ಲಿಯೂ ಹೆಸರು ನೋಂದಾಯಿಸಿಕೊಳ್ಳಬಹುದು.

ದುಡಿಯುವವರು ಅನುಸರಿಸಬೇಕಾದ ಕ್ರಮಗಳು

ಕಾನೂನು ಇದ್ದಮಾತ್ರಕ್ಕೆ ಫಲ ದೊರೆಯುವುದಿಲ್ಲ. ದಾಖಲೆಯಿದ್ದವನ ಮಾತು ಮಾತ್ರ ನಿಲ್ಲುತ್ತದೆ. ಆದ್ದರಿಂದ ಕೆಳಗಿನ ಕ್ರಮಗಳನ್ನು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಪಾಲಿಸುವುದು ಒಳ್ಳೆಯದು.

ಕರಾರನ್ನು ಓದಿ, ಅದರ ಪ್ರತಿಯನ್ನು ಮೊಬೈಲಿನಲ್ಲಿಯೂ ಊರಿನ ಮನೆಯಲ್ಲಿಯೂ ಇಟ್ಟುಕೊಳ್ಳಬೇಕು. ವಾರಕ್ಕೊಮ್ಮೆ ರೇಟಿಂಗ್, ಒಟ್ಟು ಕೆಲಸ, ಗಳಿಕೆ ಮತ್ತು ಕಡಿತ ತೋರಿಸುವ ಪರದೆಯ ಚಿತ್ರ ತೆಗೆದಿಡಬೇಕು. ಐ.ಡಿ. ಬ್ಲಾಕ್ ಆದ ಮೇಲೆ ಈ ವಿವರಗಳು ಕಾಣದೆ ಹೋಗಬಹುದು. ತಡವಾದ ದಿನ ಮಳೆ, ಅಪಘಾತ, ಹೋಟೆಲಿನ ವಿಳಂಬ ಮುಂತಾದ ಕಾರಣವನ್ನು ವೇಳೆಸಹಿತ ಒಂದು ಸಾಲಿನಲ್ಲಿ ಬರೆದಿಡಬೇಕು.

ಕೊಯ್ಲಿಗೋ ನಾಟಿಗೋ ಊರಿಗೆ ಬರುವವರು, ಎಷ್ಟು ದಿನ ಕೆಲಸ ಬಿಟ್ಟರೆ ಐ.ಡಿ.ಗೆ ತೊಂದರೆಯಾಗುತ್ತದೆ ಎಂಬುದನ್ನು ಕರಾರಿನಲ್ಲಿ ನೋಡಿಕೊಂಡೇ ಹೊರಡಬೇಕು. ತಾವಿಲ್ಲದಾಗ ಐ.ಡಿ.ಯನ್ನು ಸ್ನೇಹಿತರಿಗಾಗಲಿ ಬಂಧುಗಳಿಗಾಗಲಿ ಬಾಡಿಗೆಗೆ ಕೊಡಬಾರದು. ಅವರ ತಪ್ಪು ಇವರ ಹೆಸರಿಗೆ ಬೀಳುತ್ತದೆ, ಐ.ಡಿ. ಕಳೆದುಕೊಂಡಾಗ ವಾದಿಸಲು ನೆಲೆಯೂ ಉಳಿಯುವುದಿಲ್ಲ. ಐ.ಡಿ. ನಿಂತಾಗ ಫೋನಿನಲ್ಲಿ ಕೂಗಾಡುವುದಕ್ಕಿಂತ, ದಿನಾಂಕ ಹಾಕಿ ಲಿಖಿತ ಕಾರಣ ಕೇಳಿ, ಆಂತರಿಕ ಸಮಿತಿಗೆ ದೂರು ಸಲ್ಲಿಸಿ, ಅದರ ಸಂಖ್ಯೆಯನ್ನು ಗುರುತು ಹಾಕಿಕೊಳ್ಳುವುದು ಫಲಕಾರಿ.

ಸ್ವಂತ ಉದ್ಯಮದವರಿಗೆ

ನರ್ಸರಿ, ಹೋಂಸ್ಟೇ, ಯಂತ್ರ ಬಾಡಿಗೆ, ಪಂಪ್‌ಸೆಟ್ ದುರಸ್ತಿ ಮುಂತಾದವನ್ನು ತಾವೇ ನಡೆಸುವವರಿಗೆ ಮೇಲಿನ ಕಾನೂನು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೆ ಮೊಬೈಲ್ ನಕ್ಷೆಯಲ್ಲಿ ಜನ ಬರೆಯುವ ಅಭಿಪ್ರಾಯ ಅವರ ವ್ಯಾಪಾರವನ್ನೂ ಏರಿಳಿಸುತ್ತದೆ. ಕಸಿ ಮಾವಿನ ಗಿಡ ಒಣಗಿತೆಂದು ಯಾರಾದರೂ ದೂರಿ ಬರೆದರೆ, ಸಿಟ್ಟಿನ ಉತ್ತರ ಬರೆಯಬಾರದು. ಗಿಡ ಕೊಟ್ಟ ದಿನಾಂಕ, ನೆಡುವ ಬಗ್ಗೆ ಕೊಟ್ಟ ಸಲಹೆ, ಬದಲಿ ಗಿಡ ಕೊಡುವ ವ್ಯವಸ್ಥೆ ಇವನ್ನು ಅಲ್ಲಿಯೇ ಶಾಂತವಾಗಿ ತಿಳಿಸಬೇಕು. ಮುಂದೆ ಬರುವ ಗ್ರಾಹಕರು ದೂರನ್ನೂ ಓದುತ್ತಾರೆ, ಉತ್ತರವನ್ನೂ ಓದುತ್ತಾರೆ. ಗಿಡವನ್ನೇ ಕೊಳ್ಳದವರು ಸುಳ್ಳು ಬರೆದಿದ್ದರೆ ಅದನ್ನು ತೆಗೆಯುವಂತೆ ಆ ತಾಣಕ್ಕೆ ದೂರು ಕೊಡಬಹುದು. ಇಂಥ ಅಭಿಪ್ರಾಯಗಳನ್ನು ಸಂಗ್ರಹಿಸಿ, ಪರಿಶೀಲಿಸಿ, ಪ್ರಕಟಿಸುವ ಬಗ್ಗೆ ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಐ.ಎಸ್. 19000 ಎಂಬ ಮಾನಕವನ್ನು ಹೊರತಂದಿದೆ. ಹಣ ಕೊಟ್ಟು ಹೊಗಳಿಕೆ ಬರೆಸುವುದು ಕಲಬೆರಕೆ ಬೀಜ ಮಾರಿದಷ್ಟೇ ತಪ್ಪು. ಮೊಳಕೆ ಬಾರದಾಗ ಬಣ್ಣ ಬಯಲಾಗುವುದು ಖಚಿತ.

ಗ್ರಾಹಕರ ಹೊಣೆ

ಇಂದು ರೈತರೂ ಗ್ರಾಹಕರೇ. ಸ್ಟಾರ್ ಒತ್ತುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ತೊಂದರೆಯಾದದ್ದು ಕೆಲಸ ಮಾಡಿದವನಿಂದಲೇ? ಅವನಿಗೆ ನೇರವಾಗಿ ಹೇಳಿ ಸರಿಪಡಿಸಲು ಅವಕಾಶ ಕೊಡಲಾಗಿದೆಯೇ? ಕಡಿಮೆ ಸ್ಟಾರ್ ಕೊಡುವುದಾದರೆ ಕಾರಣ ಬರೆಯಲಾಗಿದೆಯೇ? ಅದೇ ರೀತಿ, ಕೆಲಸ ಚೆನ್ನಾಗಿದ್ದಾಗ ಸುಮ್ಮನಿರದೆ ಒಳ್ಳೆಯ ರೇಟಿಂಗ್ ಕೊಡಬೇಕು. ಒಳ್ಳೆಯ ಕೆಲಸ ಕಂಡವರು ಸುಮ್ಮನಿದ್ದರೆ ಲೆಕ್ಕದಲ್ಲಿ ಉಳಿಯುವುದು ದೂರುಗಳು ಮಾತ್ರ.

ವಿಸ್ತರಣಾ ಕಾರ್ಯಕರ್ತರು ಯುವಕರ ಸಭೆಗಳಲ್ಲಿ, ಸ್ವಸಹಾಯ ಗುಂಪುಗಳಲ್ಲಿ ಬೆಳೆ ಮತ್ತು ಸಾಲದ ಜೊತೆಗೆ ಈ ವಿಷಯವನ್ನೂ ಚರ್ಚೆಗೆ ತರುವುದು ಸೂಕ್ತ. ಪಟ್ಟಣಕ್ಕೆ ಹೊರಟ ಹುಡುಗನ ಚೀಲದಲ್ಲಿ ಡ್ರೈವಿಂಗ್ ಲೈಸೆನ್ಸಿನ ಜೊತೆ ಕರಾರಿನ ಪ್ರತಿ ಮತ್ತು ಒಂದು ಲೆಕ್ಕದ ಪುಸ್ತಕವಿದ್ದರೆ, ಐ.ಡಿ. ನಿಂತ ದಿನ ಅವನು ಬರಿಗೈಯಲ್ಲಿ ಊರಿಗೆ ಮರಳಬೇಕಾಗಿಲ್ಲ. ಕಾರಣವನ್ನು ಲಿಖಿತವಾಗಿ ಕೇಳಿ, ತನ್ನ ಉತ್ತರವನ್ನು ದಾಖಲೆಸಹಿತ ಮುಂದಿಡಬಹುದು.