ಒಂದು ಬಟ್ಟಲು ಕಾಫಿಯ ವಿದ್ಯಾಲಯ

ಮಕ್ಕಳು ಕಾಲೇಜು ಬಿಟ್ಟ ಮೇಲೆ ನೇರವಾಗಿ ಮನೆಗೆ ಬಾರದೆ ಹೊಟೇಲಿನಲ್ಲಿ ಗೆಳೆಯರೊಡನೆ ಕುಳಿತರೆಂದು ತಿಳಿದಾಗ ಹಿರಿಯರಾದ ನಾವು ಹುಬ್ಬು ಗಂಟಿಕ್ಕುವುದು ಸಹಜ. ಕಾಲಹರಣದ ಭಯ, ಕೆಟ್ಟ ಸಹವಾಸದ ಭಯ, ಖರ್ಚಿನ ಭಯ ನಮ್ಮನ್ನು ಕಾಡುತ್ತವೆ. ಆದರೆ ಗೆಳೆಯರು ಕೂಡಿ ಕುಳಿತು ಮಾತನಾಡುವುದೂ ವಿದ್ಯಾರ್ಜನೆಯ ಒಂದು ಭಾಗವಾಗಬಲ್ಲದೆಂಬುದಕ್ಕೆ ಕಲ್ಕತ್ತೆಯ ಕಾಲೇಜು ಬೀದಿಯ ಕಾಫಿ ಹೌಸ್ ಉತ್ತಮ ನಿದರ್ಶನವಾಗಿದೆ.

ಕಾಲೇಜು ಬೀದಿಯೆಂದರೆ ಮಹಾನಗರದ ಒಳಗಿರುವ ಒಂದು ವಿದ್ಯಾನಗರವೇ ಸರಿ. 1817ರಲ್ಲಿ ಹಿಂದೂ ಕಾಲೇಜಾಗಿ ಜನ್ಮತಾಳಿದ ಪ್ರೆಸಿಡೆನ್ಸಿ, 1824ರ ಸಂಸ್ಕೃತ ಕಾಲೇಜು, 1857ರ ಕಲ್ಕತ್ತಾ ವಿಶ್ವವಿದ್ಯಾಲಯ, ಇವೆಲ್ಲವೂ ಅಲ್ಲಿ ಒಂದರ ಮಗ್ಗುಲಲ್ಲಿ ಇನ್ನೊಂದು ನಿಂತಿವೆ. ಬೀದಿಯ ಉದ್ದಕ್ಕೂ ಹಳೆಯ ಪುಸ್ತಕಗಳ ಅಂಗಡಿಗಳ ಸಾಲು. ಆ ಪರಿಸರದಲ್ಲಿಯೇ 1876ರಲ್ಲಿ ಸ್ಥಾಪನೆಗೊಂಡ ಆಲ್ಬರ್ಟ್ ಹಾಲ್ ಎಂಬ ಸಭಾಂಗಣವಿತ್ತು. 1942ರಲ್ಲಿ ಕಾಫಿ ಮಂಡಳಿಯು ಅಲ್ಲಿ ತನ್ನ ಕಾಫಿ ಗೃಹವನ್ನು ತೆರೆಯಿತು.

ಬಂಗಾಳವು ಚಹಾದ ನಾಡು. ಅಲ್ಲಿಗೆ ಕಾಫಿ ಹೋದುದಾದರೂ ಹೇಗೆ? ಉತ್ತರಕ್ಕಾಗಿ ನಮ್ಮ ಮಲೆನಾಡಿನತ್ತ ತಿರುಗಬೇಕು. ಬಾಬಾ ಬುಡನ್ ತಂದ ಬೀಜಗಳು ಚಿಕ್ಕಮಗಳೂರಿನ ಗಿರಿಗಳಲ್ಲಿ ಬೇರೂರಿದವೆಂಬ ಐತಿಹ್ಯವನ್ನು ನಮ್ಮ ಓದುಗರು ಬಲ್ಲರು. 1930ರ ದಶಕದ ಆರ್ಥಿಕ ಕುಸಿತದಿಂದಲೂ ಆ ಬಳಿಕ ಯುದ್ಧದಿಂದಲೂ ಪರದೇಶದ ಮಾರುಕಟ್ಟೆ ಸೊರಗಿದಾಗ ಬೆಳೆಗಾರರು ಕಂಗೆಟ್ಟರು. ಸ್ವದೇಶದಲ್ಲಿಯೇ ಕಾಫಿಯ ರುಚಿ ಹಬ್ಬಿಸಬೇಕೆಂದು ಊರೂರುಗಳಲ್ಲಿ ಕಾಫಿ ಗೃಹಗಳನ್ನು ತೆರೆಯಲಾಯಿತು. ಹೀಗೆ ನಮ್ಮ ತೋಟಗಳ ಸಂಕಟವು ದೂರದ ವಿದ್ಯಾರ್ಥಿಗಳಿಗೆ ವರವಾಗಿ ಪರಿಣಮಿಸಿತು.

ಎತ್ತರದ ಛಾವಣಿ, ತಿರುಗುವ ಫ್ಯಾನುಗಳು, ಗೋಡೆಯ ಮೇಲೆ ರವೀಂದ್ರನಾಥ ಠಾಕೂರರ ದೊಡ್ಡ ಭಾವಚಿತ್ರ, ಬಿಳಿಯ ಉಡುಪು ತೊಟ್ಟು ಬೀಸಣಿಗೆಯಂತೆ ಬಿಚ್ಚಿಕೊಂಡ ತುರಾಯಿಯ ರುಮಾಲು ಸುತ್ತಿದ ಪರಿಚಾರಕರು, ಇವು ಆ ಮನೆಯ ಲಕ್ಷಣಗಳು. ಹಾಲು ಬೆರೆಸದ ಕಾಫಿಗೆ ಅಲ್ಲಿ ‘ಇನ್‌ಫ್ಯೂಷನ್’ ಎಂದೇ ಹೆಸರು. ಒಂದು ಬಟ್ಟಲು ತರಿಸಿಕೊಂಡು ತಾಸುಗಟ್ಟಲೆ ಕುಳಿತರೂ ಏಳಿರೆಂದು ಹೇಳುವವರಿಲ್ಲ. ಅಲ್ಲಿ ನಡೆಯುವ ಸಂವಾದಕ್ಕೆ ಬಂಗಾಳಿಗಳು ‘ಅಡ್ಡಾ’ ಎನ್ನುತ್ತಾರೆ. ಅದು ಬರಿಯ ಹರಟೆಯಲ್ಲ. ಕಾವ್ಯ, ರಾಜಕೀಯ, ಚಲನಚಿತ್ರ, ಗಣಿತ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ.

1950ರ ದಶಕದ ಆರಂಭದಲ್ಲಿ ಪ್ರೆಸಿಡೆನ್ಸಿಯ ವಿದ್ಯಾರ್ಥಿಗಳಾಗಿದ್ದ ಅಮರ್ತ್ಯ ಸೇನ್ ಮತ್ತು ಸುಖಮಯ ಚಕ್ರವರ್ತಿಯವರ ಪ್ರಸಂಗ ಉಲ್ಲೇಖನೀಯವಾದುದು. ಕೆನೆತ್ ಆರೋ ಅವರ ಗ್ರಂಥವೊಂದು 1951ರಲ್ಲಿ ಪ್ರಕಟವಾಗಿತ್ತು. ಕಾಫಿ ಹೌಸಿನ ಕಿಟಕಿಯ ಬಳಿ ಕುಳಿತು ಚಳಿಗಾಲದ ಎಳೆಬಿಸಿಲಿನಲ್ಲಿ ಸುಖಮಯರು ಆ ಗ್ರಂಥದ ವಿಚಾರಗಳನ್ನು ಗೆಳೆಯನಿಗೆ ವಿವರಿಸಿದರು. ಅದೇ ವಿಷಯದಲ್ಲಿ ಮುಂದೆ ಸೇನ್ ಅವರು ನಡೆಸಿದ ಚಿಂತನೆಯು 1998ರ ನೊಬೆಲ್ ಪಾರಿತೋಷಕಕ್ಕೆ ಒಂದು ಮುಖ್ಯ ಕಾರಣವಾಯಿತು. ಆ ಮಧ್ಯಾಹ್ನವನ್ನೂ ಗೆಳೆಯನ ಬೆಳಗುವ ಮುಖವನ್ನೂ ಅವರು ತಮ್ಮ ಆತ್ಮವೃತ್ತದಲ್ಲಿ ಸ್ಮರಿಸಿದ್ದಾರೆ. ಒಬ್ಬ ಸಹಪಾಠಿ ಇನ್ನೊಬ್ಬನಿಗೆ ಗುರುವಾದ ಸ್ಥಳ ಅದು.

ಇಂಥ ಮನೆಗೂ ಬೀಗ ಬೀಳುವ ಸಮಯ ಬಂದಿತ್ತು. 1950ರ ದಶಕದ ನಡುವೆ ಕಾಫಿ ಮಂಡಳಿಯು ತನ್ನ ಗೃಹಗಳನ್ನು ಮುಚ್ಚಲು ತೊಡಗಿದಾಗ ನೌಕರರ ಕುಟುಂಬಗಳು ಬೀದಿಗೆ ಬೀಳುವ ಸ್ಥಿತಿ ಒದಗಿತು. ಆಗ ಲೋಕಸಭಾ ಸದಸ್ಯರಾಗಿದ್ದ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ನೌಕರರು ತಾವೇ ಸಹಕಾರ ಸಂಘಗಳನ್ನು ಕಟ್ಟಿದರು. ಅವುಗಳಲ್ಲಿ ಮೊದಲನೆಯದು 1957ರಲ್ಲಿ ಸ್ಥಾಪಿತವಾದುದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದು ಹೆಮ್ಮೆಯ ಸಂಗತಿ. ಕಾಲೇಜು ಬೀದಿಯ ಕಾಫಿ ಹೌಸ್ 1958ರಲ್ಲಿ ಮುಚ್ಚಿತು. ಆದರೆ ಪ್ರೆಸಿಡೆನ್ಸಿ ಮತ್ತು ವಿಶ್ವವಿದ್ಯಾಲಯದ ಅಧ್ಯಾಪಕರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಸರಕಾರಕ್ಕೆ ಮನವಿ ಸಲ್ಲಿಸಿದರು. ಅದೇ ವರ್ಷ ಬಾಗಿಲು ಮತ್ತೆ ತೆರೆಯಿತು. ಶಿಷ್ಯರು ಕುಳಿತು ಮಾತನಾಡುವ ಜಾಗಕ್ಕಾಗಿ ಗುರುಗಳೇ ಮುಂದೆ ಬಂದುದು ಎಷ್ಟು ಅರ್ಥಪೂರ್ಣ! ಬಳಿಕ ಅಲ್ಲಿಯೂ ನೌಕರರ ಸಹಕಾರ ಸಂಘವೇ ಆಡಳಿತ ವಹಿಸಿಕೊಂಡಿತು. ಬಟ್ಟಲು ಹಿಡಿದು ತರುವವನೇ ಮನೆಯ ಪಾಲುದಾರನೂ ಆದನು.

ಈ ಮನೆಯ ಕೀರ್ತಿಯನ್ನು ಬಂಗಾಳದ ಮನೆಮನೆಗೆ ಒಯ್ದುದು 1983ರ ಒಂದು ಗೀತೆ. ಅಲ್ಲಿ ಕೂಡುತ್ತಿದ್ದ ಏಳು ಮಂದಿ ಗೆಳೆಯರು ಕಾಲಚಕ್ರದಲ್ಲಿ ಚದುರಿಹೋದ ಕಥೆ ಅದರಲ್ಲಿದೆ. ಗೌರೀಪ್ರಸನ್ನ ಮಜುಂದಾರರು ಬರೆದ ಅದನ್ನು ಹಾಡಿದವರು ಮನ್ನಾ ಡೇ. ಕನ್ನಡ ಚಿತ್ರಗಳಿಗೂ ದನಿ ನೀಡಿದ ಆ ಮಹಾನ್ ಗಾಯಕರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 2013ರ ಅಕ್ಟೋಬರ್ 24ರಂದು ಇಲ್ಲಿಯೇ ಕಣ್ಣು ಮುಚ್ಚಿದರು.

ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಹಳೆಯ ಕಾಫಿ ಹೌಸ್ 2009ರಲ್ಲಿ ತನ್ನ ಸ್ಥಳವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಕಲ್ಕತ್ತೆಯ ಮನೆಗೂ ದುರಸ್ತಿಗೆ ಹಣ ಸಾಲದ ದಿನಗಳು ಬಂದು ಹೋದವು. ಆದರೂ ಅದು ನಿಂತಿದೆ. ವಿದ್ಯಾರ್ಥಿಗಳು ಇಂದಿಗೂ ಆ ಮೆಟ್ಟಿಲುಗಳನ್ನು ಏರುತ್ತಾರೆ.

ಮಕ್ಕಳು ಎಲ್ಲಿ ಕುಳಿತಿದ್ದರು ಎಂದು ಕೇಳುವುದು ನಮ್ಮ ಕರ್ತವ್ಯವೇ. ಅದರ ಜೊತೆಗೆ ಏನು ಮಾತನಾಡಿದಿರಿ ಎಂದೂ ಪ್ರೀತಿಯಿಂದ ಕೇಳೋಣ. ಅವರ ಉತ್ತರದಲ್ಲಿ ನಾವು ಕಲಿಯುವುದೂ ಇದ್ದೀತು.