ಕಂಬಿ ಕಟ್ಟುವ ಕೈ ಉಪಕರಣಗಳ ವಿನ್ಯಾಸ

ಕಾಂಕ್ರೀಟ್ ಸುರಿಯುವ ಮುನ್ನ ಉಕ್ಕಿನ ಕಂಬಿಗಳನ್ನು ಅಡ್ಡಲಾಗಿಯೂ ಉದ್ದಕ್ಕೂ ಹರಡಿ, ಅವು ಸಂಧಿಸುವ ಸ್ಥಾನಗಳಲ್ಲಿ ಬೈಂಡಿಂಗ್ ತಂತಿಯಿಂದ ಬಿಗಿಯಲಾಗುತ್ತದೆ. ಈ ಕೆಲಸದ ಉಪಕರಣಗಳನ್ನು ದುಡಿಯುವವರ ದೇಹಕ್ಕೆ ಹೊಂದುವಂತೆ ರೂಪಿಸುವುದು ದಕ್ಷತಾಶಾಸ್ತ್ರದ, ಅಂದರೆ ಎರ್ಗನಾಮಿಕ್ಸ್‌ನ, ವ್ಯಾಪ್ತಿಗೆ ಸೇರುತ್ತದೆ.

ಕಟ್ಟು ಒಂದೊಂದೂ ಹಗುರವಾದದ್ದೇ. ತೊಂದರೆಯಿರುವುದು ಅದರ ಪುನರಾವರ್ತನೆಯಲ್ಲಿ. 10 ಮೀಟರ್ ಉದ್ದಗಲದ ಚಾವಣಿಯಲ್ಲಿ 150 ಮಿ.ಮೀ.ಗೊಂದರಂತೆ ಕಂಬಿಗಳಿದ್ದರೆ ಸಂಧಿಗಳು ಸುಮಾರು 4,500. ಅವುಗಳಲ್ಲಿ ಅರ್ಧವನ್ನಷ್ಟೇ ಕಟ್ಟಿ, ಕಟ್ಟಿಗೆ ಮೂರು ಸುತ್ತು ಹಾಕಿದರೂ ಮಣಿಕಟ್ಟು 6,700ಕ್ಕೂ ಹೆಚ್ಚು ಬಾರಿ ತಿರುಗಬೇಕು. ಬಾಗಿದ ಮಣಿಕಟ್ಟಿನಲ್ಲಿ ಹಿಡಿತದ ಬಲ ಕುಗ್ಗುತ್ತದೆ. ಸ್ನಾಯುರಜ್ಜುಗಳು ಉಜ್ಜಿ ಊದಿಕೊಳ್ಳುತ್ತವೆ. ಅವುಗಳ ನಡುವೆ ಸಾಗುವ ನರ ಒತ್ತಡಕ್ಕೆ ಸಿಕ್ಕಿ ಬೆರಳುಗಳು ಜೋಮು ಹಿಡಿಯುತ್ತವೆ. ಈ ಕೊನೆಯ ಸ್ಥಿತಿಯೇ ಕಾರ್ಪಲ್ ಟನಲ್ ಸಿಂಡ್ರೋಮ್.

== ಹಿಡಿ ==
ಭಾರತದಲ್ಲಿ ಸಾಮಾನ್ಯವಾಗಿ ಕೊಕ್ಕೆಯನ್ನೂ ಅಮೆರಿಕದಲ್ಲಿ ಇಕ್ಕಳವನ್ನೂ ಬಳಸುತ್ತಾರೆ. ಕೊಕ್ಕೆಯನ್ನು ಕೆಲಸಗಾರರೇ ಉಳಿಕೆ ಕಂಬಿಯ ತುಂಡಿನಿಂದ ಮಾಡಿಕೊಳ್ಳುವುದೂ ಉಂಟು. ಅಂತಹ ಬರಿಯ ಕಂಬಿಯ ಹಿಡಿ ಬಹಳ ತೆಳು. ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು ಕ್ಯಾಲಿಫೋರ್ನಿಯಾ ರಾಜ್ಯದೊಡನೆ 2004ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ, ಬಲ ಹಾಕುವ ಕೆಲಸದ ಹಿಡಿಗೆ 32ರಿಂದ 50 ಮಿ.ಮೀ. ವ್ಯಾಸವಿರಬೇಕು. ಉದ್ದ 100 ಮಿ.ಮೀ.ಗಿಂತ ಕಡಿಮೆಯಾದರೆ ಹಿಡಿಯ ತುದಿ ಅಂಗೈಯನ್ನು ಒತ್ತುತ್ತದೆ. ಇಕ್ಕಳದ ಹಿಡಿಗಳು ಪೂರ್ತಿ ತೆರೆದಾಗ ಅವುಗಳ ಅಂತರ 90 ಮಿ.ಮೀ. ಮೀರಬಾರದು; ತಾವಾಗಿಯೇ ತೆರೆದುಕೊಳ್ಳುವಂತೆ ಸ್ಪ್ರಿಂಗ್ ಇದ್ದರೆ ಒಳಿತು. ಬೆರಳಚ್ಚಿನಂತೆ ತೋಡಿದ ಹಿಡಿಗಳು ನೋಡಲು ಆಕರ್ಷಕವಾದರೂ ಒಂದೇ ಅಳತೆಯ ಕೈಗೆ ಹೊಂದುತ್ತವೆ.

ಕೊಕ್ಕೆಯ ಹಿಡಿಗೆ ಸಡಿಲವಾದ ಕೊಳವೆ ತೊಡಿಸಿದರೆ ಕೊಕ್ಕೆ ಅದರೊಳಗೆ ತಿರುಗುತ್ತದೆ, ಹಿಡಿತ ಬದಲಿಸಬೇಕಿಲ್ಲ. ಎಳೆದಾಗ ತಾನೇ ಸುತ್ತುವ ಕೊಕ್ಕೆಯಲ್ಲಿ ಮಣಿಕಟ್ಟನ್ನು ತಿರುಚುವ ಅಗತ್ಯವೇ ಇಲ್ಲ.

== ಬೆನ್ನು ==
ಹಿಡಿ ಎಷ್ಟೇ ಉತ್ತಮವಾಗಿದ್ದರೂ ನೆಲಮಟ್ಟದ ಕಂಬಿ ಕಟ್ಟಲು ಸೊಂಟ ಬಗ್ಗಿಸಲೇಬೇಕು. ಬ್ಯಾಟರಿಚಾಲಿತ ಯಂತ್ರವೂ ಮಣಿಕಟ್ಟನ್ನಷ್ಟೇ ಕಾಪಾಡುತ್ತದೆ. ಅದಕ್ಕೆ ಉದ್ದನೆಯ ಹಿಡಿ ಜೋಡಿಸಿದಾಗ ಮಾತ್ರ ನಿಂತು ದುಡಿಯಲು ಸಾಧ್ಯ. ಆದರೆ ಎದೆಮಟ್ಟದ ಕಂಬಗಳ ಕಂಬಿಗೆ ಅದೇ ಉದ್ದ ಅಡಚಣೆಯಾಗುತ್ತದೆ. ಯಂತ್ರದ ಬೆಲೆ, ತೂಕ, ವಿಶೇಷ ತಂತಿಯ ಖರ್ಚು ಬೇರೆ. ಭಾರತದಲ್ಲಿ ಈ ಕೆಲಸದ ಗುತ್ತಿಗೆಯನ್ನು ಹಲವೆಡೆ ಉಕ್ಕಿನ ತೂಕದ ಲೆಕ್ಕದಲ್ಲಿ ಕೊಡುವುದರಿಂದ, ವೇಗ ತಗ್ಗಿಸುವ ಉಪಕರಣ ದೇಹಕ್ಕೆ ಹಿತವಾಗಿದ್ದರೂ ಕೂಲಿಗೆ ಹೊರೆಯೇ.