ಜಾಲದ ಓಲೆಕಾರ

ದೂರದ ಊರಿಗೆ ಸುದ್ದಿ ಮುಟ್ಟಿಸಬೇಕಾದಾಗ ಹಿಂದಿನ ಕಾಲದವರು ಓಲೆಕಾರನನ್ನು ಕಳುಹಿಸುತ್ತಿದ್ದರು. ಓಲೆಯ ಒಕ್ಕಣೆಯನ್ನು ತಿದ್ದದೆ ಒಯ್ಯುವುದು, ದೊರೆತ ಉತ್ತರವನ್ನು ಹಾಗೆಯೇ ತಂದೊಪ್ಪಿಸುವುದು ಅವನ ಧರ್ಮ. ಇಂದಿನ ಗಣಕಜಾಲದಲ್ಲಿಯೂ ಇಂತಹ ಓಲೆಕಾರರುಂಟು.

1989ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮಂಡಿಸಿದರು. ಅದರ ಕ್ರಮ ಸರಳವಾದುದು: ಓದುಗನ ಬ್ರೌಸರ್ ಕೋರಿಕೆಯನ್ನು ಕಳುಹಿಸುತ್ತದೆ, ಸರ್ವರ್ ಎಂಬ ಗಣಕ ಉತ್ತರವನ್ನು ನೀಡುತ್ತದೆ. ಬಳಕೆ ಹೆಚ್ಚಿದಂತೆ ಒಂದೇ ಗಣಕ ಎಲ್ಲ ಕಾರ್ಯಗಳನ್ನೂ ನಿರ್ವಹಿಸುವುದು ದುಸ್ತರವಾಯಿತು. ಆದುದರಿಂದ ಒಂದು ಸರ್ವರ್ ಹೆಬ್ಬಾಗಿಲಲ್ಲಿ ನಿಂತು ಕೋರಿಕೆಗಳನ್ನು ಸ್ವೀಕರಿಸಿ, ಅವುಗಳನ್ನು ದೂರದ ಮತ್ತೊಂದು ಸರ್ವರಿಗೆ ಸಾಗಿಸುವ ಏರ್ಪಾಡು ರೂಢಿಗೆ ಬಂದಿತು. ಹೀಗೆ ನಡುವೆ ನಿಲ್ಲುವ ಸರ್ವರಿಗೆ ರಿವರ್ಸ್ ಪ್ರಾಕ್ಸಿ ಎಂದು ಹೆಸರು. ರಷ್ಯದ ಇಗೋರ್ ಸಿಸೊಯೆವ್ ಅವರು 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಎಂಬ ತಂತ್ರಾಂಶವು ಈ ಕಾರ್ಯಕ್ಕೆ ಪ್ರಸಿದ್ಧವಾಗಿದೆ.

ವಿದ್ಯಾರ್ಥಿಯೊಬ್ಬನು ಪರೀಕ್ಷೆಯ ಫಲಿತಾಂಶವನ್ನು ಜಾಲದಲ್ಲಿ ಹುಡುಕುತ್ತಿರುವನೆಂದು ಇಟ್ಟುಕೊಳ್ಳಬಹುದು. ಅವನ ಕೋರಿಕೆಯನ್ನು ಪಡೆದ ಮಧ್ಯವರ್ತಿಯು ದೂರದ ಸರ್ವರಿನೊಡನೆ ತಾನೇ ಬೇರೊಂದು ಸಂಪರ್ಕವನ್ನು ಕಲ್ಪಿಸಿಕೊಳ್ಳುತ್ತದೆ. ಆಗ ದೂರದ ಸರ್ವರಿಗೆ ಕಾಣುವುದು ಮಧ್ಯವರ್ತಿಯ ವಿಳಾಸವೇ ಹೊರತು ವಿದ್ಯಾರ್ಥಿಯದಲ್ಲ. ಈ ಕೊರತೆಯನ್ನು ನೀಗಿಸಲು ಕೋರಿಕೆಯ ಶಿರೋಭಾಗದಲ್ಲಿ ಮೂಲ ವಿಳಾಸವನ್ನು ಬರೆದು ಕಳುಹಿಸುವ ಪದ್ಧತಿಯಿದೆ. ಇದಕ್ಕಾಗಿ 2014ರಲ್ಲಿ ‘ಫಾರ್ವರ್ಡೆಡ್’ ಎಂಬ ಶಿರೋಲೇಖವನ್ನು ಪ್ರಮಾಣಬದ್ಧಗೊಳಿಸಲಾಯಿತು. ಆದರೆ ಸುಳ್ಳು ವಿಳಾಸವನ್ನು ಯಾರು ಬೇಕಾದರೂ ಬರೆಯಬಲ್ಲರು. ಆದಕಾರಣ ಪರಿಚಿತ ಮಧ್ಯವರ್ತಿಯು ಬರೆದುದನ್ನು ಮಾತ್ರ ನಂಬಬೇಕು.

ಓಲೆಕಾರನ ನಿಜವಾದ ಪರೀಕ್ಷೆ ನಡೆಯುವುದು ಉತ್ತರ ದೊರೆಯದಿದ್ದಾಗ. ದೂರದ ಸರ್ವರಿನಿಂದ ಅಸಂಬದ್ಧ ಉತ್ತರ ಬಂದರೆ ಮಧ್ಯವರ್ತಿಯು 502 ಎಂಬ ಸಂಕೇತವನ್ನೂ, ಸಕಾಲದಲ್ಲಿ ಉತ್ತರವೇ ಬಾರದಿದ್ದರೆ 504 ಎಂಬ ಸಂಕೇತವನ್ನೂ ನೀಡಬೇಕು. ಇವುಗಳ ಬದಲು, ಕೇಳಿದ ಪುಟವೇ ಇಲ್ಲವೆಂಬ 404 ಸಂಕೇತವನ್ನು ನೀಡಿದರೆ, ಫಲಿತಾಂಶಕ್ಕಾಗಿ ಕಾದಿರುವ ವಿದ್ಯಾರ್ಥಿಯು ಎದೆಗುಂದುವನು. 504 ಎಂದು ತಿಳಿದವನು ತುಸು ತಾಳಿ ಮತ್ತೆ ಕೇಳುವನು.

ಎಲ್ಲ ಕೋರಿಕೆಗಳನ್ನೂ ಹೀಗೆ ಮತ್ತೆ ಕಳುಹಿಸುವಂತಿಲ್ಲ. ಫಲಿತಾಂಶವನ್ನು ಹತ್ತು ಸಲ ಓದಿದರೂ ಹಾನಿಯಿಲ್ಲ. ಶುಲ್ಕವನ್ನು ಎರಡು ಸಲ ಕಟ್ಟಿದರೆ ನಷ್ಟ. ಹಣ ಸಂದಾಯವಾದ ಮೇಲೆ ಉತ್ತರವಷ್ಟೇ ದಾರಿಯಲ್ಲಿ ಕಳೆದುಹೋಗಿರಬಹುದು. ಉತ್ತರ ಬಾರದಿರುವುದು ಕೆಲಸವಾಗಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಆದುದರಿಂದ ವಿವೇಕವುಳ್ಳ ಮಧ್ಯವರ್ತಿಯು ಅಂತಹ ಕೋರಿಕೆಯನ್ನು ತಾನಾಗಿ ಮತ್ತೆ ಕಳುಹಿಸದೆ, ನಡೆದುದನ್ನು ನಡೆದಂತೆ ತಿಳಿಸಿ ಸುಮ್ಮನಾಗುತ್ತದೆ.

ಉತ್ತರವನ್ನು ತರಲಾಗದಿದ್ದರೂ ಸತ್ಯವನ್ನು ತರುವುದು ಓಲೆಕಾರನ ಕೈಯಲ್ಲಿಯೇ ಇದೆ.